ಅನಿಲ ಕಂಪ್ರೆಸರ್ ಪರೀಕ್ಷೆಯಲ್ಲಿ ಶಾಖ ನಿರ್ವಹಣೆ

ಅನಿಲ ಕಂಪ್ರೆಸರ್ ಪರೀಕ್ಷೆಯಲ್ಲಿ ಶಾಖ ನಿರ್ವಹಣೆ ಎಂಬುದು ಕೈಗಾರಿಕಾ ಕಂಪ್ರೆಸರುಗಳನ್ನು ಕಾರ್ಖಾನೆಯ ಪರೀಕ್ಷಾ ವೇದಿಕೆಯಲ್ಲಿ ಅಥವಾ ಸ್ಥಾಪಿಸಿದ ಜಾಗದಲ್ಲಿ ಚಲಾಯಿಸಿ ನೋಡುವಾಗ ಹುಟ್ಟುವ ಶಾಖವನ್ನು ಅಳೆದು, ಹೊರಸಾಗಿಸಿ, ಮಿತಿಯೊಳಗೆ ಇರಿಸುವ ಕ್ರಮಗಳ ಒಟ್ಟು ಹೆಸರು. ಸಂಪೀಡಕವೆಂದೂ ಕರೆಯಲಾಗುವ ಕಂಪ್ರೆಸರು ಅನಿಲದ ಒತ್ತಡವನ್ನು ಹೆಚ್ಚಿಸುವ ಯಂತ್ರ. ಒತ್ತಡದೊಂದಿಗೆ ಅನಿಲದ ತಾಪಮಾನವೂ ಏರುತ್ತದೆ. ನಿತ್ಯದ ಬಳಕೆಯಲ್ಲಿ ಬಿಸಿಯಾದ ಅನಿಲವು ಕೊಳವೆ ಮಾರ್ಗದಲ್ಲಿ ಮುಂದೆ ಸಾಗಿಬಿಡುತ್ತದೆ. ಪರೀಕ್ಷೆಯಲ್ಲಿ ಅದೇ ಅನಿಲವು ಅನೇಕ ವೇಳೆ ಸುತ್ತಿ ಬಂದು ಮತ್ತೆ ಯಂತ್ರದ ಬಾಯಿಗೇ ಸೇರುತ್ತದೆ. ಜೊತೆಗೆ, ಯಂತ್ರವನ್ನು ಯಾವ ಅನಿಲಕ್ಕೆಂದು ವಿನ್ಯಾಸ ಮಾಡಲಾಗಿದೆಯೋ ಅದರ ಬದಲು ಗಾಳಿ ಅಥವಾ ಸಾರಜನಕವನ್ನು ಬಳಸಬೇಕಾಗಿ ಬರುವುದುಂಟು. ಈ ಎರಡು ಕಾರಣಗಳಿಂದ, ಕೆಲಸದಲ್ಲಿ ತಣ್ಣಗಿರುವ ಕಂಪ್ರೆಸರು ಪರೀಕ್ಷೆಯಲ್ಲಿ ಅಪಾಯದ ಮಟ್ಟಕ್ಕೆ ಬಿಸಿಯಾಗಬಹುದು.

ತಾಪಮಾನವು ಯಂತ್ರದ ಸುರಕ್ಷತೆಯನ್ನಷ್ಟೇ ಅಲ್ಲದೆ ಪರೀಕ್ಷೆಯ ಫಲಿತಾಂಶವನ್ನೂ ನಿರ್ಧರಿಸುತ್ತದೆ. ಕಂಪ್ರೆಸರಿನ ದಕ್ಷತೆಯನ್ನು ಬಹುಪಾಲು ಒಳಹರಿವು ಮತ್ತು ಹೊರಹರಿವುಗಳ ತಾಪಮಾನಗಳ ಅಂತರದಿಂದಲೇ ಲೆಕ್ಕಹಾಕಲಾಗುತ್ತದೆ. ಸ್ಥಳದ ಎತ್ತರ, ಬಿಸಿಲು, ಆರ್ದ್ರತೆ ಮತ್ತು ನೀರಿನ ಲಭ್ಯತೆಗಳೂ ಈ ಲೆಕ್ಕದಲ್ಲಿ ಸೇರುತ್ತವೆ. ಈ ಲೇಖನದ ಕೊನೆಯ ಭಾಗದಲ್ಲಿ ಹುಬ್ಬಳ್ಳಿ-ಧಾರವಾಡದ ಪರಿಸ್ಥಿತಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

ಶಾಖದ ಮೂಲ

ಅನಿಲವನ್ನು ಸಂಪೀಡಿಸಲು ಮಾಡಿದ ಕೆಲಸವು ಅನಿಲದ ಆಂತರಿಕ ಶಕ್ತಿಯಾಗಿ ಸೇರುತ್ತದೆ. ಶಾಖವು ಹೊರಗೆ ಹೋಗದಂತೆ, ಘರ್ಷಣೆಯೂ ಇಲ್ಲದಂತೆ ನಡೆಯುವ ಆದರ್ಶ ಸಂಪೀಡನದಲ್ಲಿ ಹೊರಹರಿವಿನ ತಾಪಮಾನವು ಮೂರು ಸಂಗತಿಗಳನ್ನು ಅವಲಂಬಿಸುತ್ತದೆ: ಕೆಲ್ವಿನ್ ಮಾನದಲ್ಲಿ ಒಳಹರಿವಿನ ತಾಪಮಾನ, ಒತ್ತಡ ಅನುಪಾತ ಮತ್ತು ಅನಿಲದ ವಿಶಿಷ್ಟೋಷ್ಣಗಳ ಅನುಪಾತವಾದ ಗಾಮಾ. ಗಾಮಾದಿಂದ ಒಂದನ್ನು ಕಳೆದು, ಬಂದುದನ್ನು ಗಾಮಾದಿಂದಲೇ ಭಾಗಿಸಿದರೆ ಸಿಗುವ ಸಂಖ್ಯೆಯನ್ನು ಘಾತವಾಗಿ ಇಟ್ಟು, ಒತ್ತಡ ಅನುಪಾತವನ್ನು ಆ ಘಾತಕ್ಕೆ ಏರಿಸಿ, ಒಳಹರಿವಿನ ತಾಪಮಾನದಿಂದ ಗುಣಿಸಿದರೆ ಹೊರಹರಿವಿನ ತಾಪಮಾನ ದೊರೆಯುತ್ತದೆ. ಒತ್ತಡ ಅನುಪಾತವನ್ನು ಯಾವಾಗಲೂ ನಿರಪೇಕ್ಷ ಒತ್ತಡಗಳಲ್ಲಿಯೇ ಲೆಕ್ಕಿಸಬೇಕು. ಮಾಪಕದಲ್ಲಿ ಕಾಣುವ ಒತ್ತಡಕ್ಕೆ ಆ ಸ್ಥಳದ ವಾತಾವರಣದ ಒತ್ತಡವನ್ನು ಕೂಡಿಸುವುದನ್ನು ಮರೆಯುವುದು ವಿದ್ಯಾರ್ಥಿಗಳ ಲೆಕ್ಕಗಳಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪು.

35° ಸೆಲ್ಸಿಯಸ್, ಅಂದರೆ 308 ಕೆಲ್ವಿನ್ ತಾಪಮಾನದ ಗಾಳಿಯನ್ನು 3ರ ಅನುಪಾತದಲ್ಲಿ ಸಂಪೀಡಿಸಿದರೆ ಆದರ್ಶ ಲೆಕ್ಕದಲ್ಲಿ ಅದು ಸುಮಾರು 148° ಮುಟ್ಟುತ್ತದೆ. ನಿಜವಾದ ಯಂತ್ರದಲ್ಲಿ ಏರಿಕೆ ಇನ್ನೂ ಹೆಚ್ಚು. ದಕ್ಷತೆ ಶೇ. 80 ಇದ್ದರೆ 113° ಏರಿಕೆಯ ಬದಲು 142° ಏರಿಕೆಯಾಗಿ, ಗಾಳಿಯು ಸುಮಾರು 177° ತಾಪಮಾನದಲ್ಲಿ ಹೊರಬರುತ್ತದೆ. ಒಳಹರಿವಿನ ಗಾಳಿ ಒಂದು ಡಿಗ್ರಿ ಹೆಚ್ಚು ಬಿಸಿಯಾಗಿದ್ದರೆ ಹೊರಹರಿವು ಒಂದಲ್ಲ, ಸುಮಾರು ಒಂದೂವರೆ ಡಿಗ್ರಿ ಹೆಚ್ಚುತ್ತದೆ.

ಅನುಪಾತ ದೊಡ್ಡದಾದಂತೆ ಒಂದೇ ಹಂತದಲ್ಲಿ ಸಂಪೀಡಿಸುವುದು ಅಸಾಧ್ಯವಾಗುತ್ತದೆ. 1 ಬಾರ್‌ನಿಂದ 16 ಬಾರ್‌ಗೆ ಒಮ್ಮೆಲೇ ಏರಿಸಿದರೆ ಆದರ್ಶ ಲೆಕ್ಕದಲ್ಲಿಯೇ ಗಾಳಿಯ ತಾಪಮಾನ 400° ದಾಟುತ್ತದೆ. ಎರಡು ಹಂತಗಳಲ್ಲಿ ಮಾಡಿ ನಡುವೆ ಇಂಟರ್‌ಕೂಲರಿನಿಂದ ಮತ್ತೆ 35°ಗೆ ಇಳಿಸಿದರೆ ಪ್ರತಿ ಹಂತದ ಕೊನೆಯಲ್ಲಿ ಸುಮಾರು 185°, ಮೂರು ಹಂತಗಳಲ್ಲಿ ಸುಮಾರು 128° ಆಗುತ್ತದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಯಾಂತ್ರಿಕ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪ್ರಯೋಗಾಲಯದಲ್ಲಿ ಎರಡು ಹಂತದ ಪಿಸ್ಟನ್ ಕಂಪ್ರೆಸರಿನ ಮೇಲೆ ಮಾಡುವ ಪ್ರಯೋಗ ಈ ತತ್ತ್ವದ್ದೇ.

ಬದಲಿ ಅನಿಲದ ಸಮಸ್ಯೆ

ನೈಸರ್ಗಿಕ ಅನಿಲ, ಪ್ರೊಪೇನ್, ಜಲಜನಕಗಳಂತಹ ಉರಿಯುವ ಅನಿಲಗಳನ್ನು ತಯಾರಕರ ಕಾರ್ಖಾನೆಯಲ್ಲಿ ದೊಡ್ಡ ಪ್ರಮಾಣದಲ್ಲಿ ಇಟ್ಟುಕೊಂಡು ಪರೀಕ್ಷೆ ನಡೆಸುವುದು ಬಹುತೇಕ ಸಂದರ್ಭಗಳಲ್ಲಿ ಕಾರ್ಯಸಾಧ್ಯವಲ್ಲ. ಆದ್ದರಿಂದ ಗಾಳಿ, ಸಾರಜನಕ, ಇಂಗಾಲದ ಡೈಆಕ್ಸೈಡ್, ಹೀಲಿಯಂ ಅಥವಾ ಶೀತಕ ಅನಿಲಗಳನ್ನು ಬದಲಿಯಾಗಿ ಬಳಸಲಾಗುತ್ತದೆ. ಇಲ್ಲಿಯೇ ಶಾಖದ ಲೆಕ್ಕ ತಲೆಕೆಳಗಾಗುವುದು.

ಗಾಳಿ ಮತ್ತು ಸಾರಜನಕಗಳ ಗಾಮಾ ಸುಮಾರು 1.40, ಮೀಥೇನಿನದು 1.30, ಇಂಗಾಲದ ಡೈಆಕ್ಸೈಡಿನದು 1.29, ಪ್ರೊಪೇನಿನದು 1.13, ಹೀಲಿಯಮಿನದು 1.67. ಮೇಲೆ ಹೇಳಿದ ಅದೇ 35° ಮತ್ತು 3ರ ಅನುಪಾತದಲ್ಲಿ ಆದರ್ಶ ಹೊರಹರಿವು ಪ್ರೊಪೇನಿಗೆ 76°, ಇಂಗಾಲದ ಡೈಆಕ್ಸೈಡಿಗೆ 121°, ಮೀಥೇನಿಗೆ 124°, ಗಾಳಿಗೆ 148°, ಹೀಲಿಯಮಿಗೆ 205°. ಶೇ. 80 ದಕ್ಷತೆಯನ್ನು ಹಿಡಿದರೆ ಮೀಥೇನ್ ಸುಮಾರು 146°ಯಲ್ಲಿ ಹೊರಬರುತ್ತದೆ, ಗಾಳಿ 177°ಯಲ್ಲಿ. ತೈಲ ಸಂಸ್ಕರಣೆ ಮತ್ತು ಅನಿಲ ಉದ್ಯಮದ ಪಿಸ್ಟನ್ ಕಂಪ್ರೆಸರುಗಳಿಗೆ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ ರೂಪಿಸಿರುವ ಎಪಿಐ 618 ಮಾನದಂಡವು ಹೊರಹರಿವಿನ ತಾಪಮಾನಕ್ಕೆ ಸಾಮಾನ್ಯವಾಗಿ 150° ಮಿತಿ ಹಾಕುತ್ತದೆ. ತನ್ನ ಅನಿಲದಲ್ಲಿ ಮಿತಿಯೊಳಗೆ ಓಡುವ ಯಂತ್ರವು ಗಾಳಿಯಲ್ಲಿ ಅದೇ ಒತ್ತಡ ಅನುಪಾತಕ್ಕೆ ಓಡಿದರೆ ಮಿತಿಯನ್ನು 27° ಮೀರುತ್ತದೆ ಎಂಬುದು ಇದರರ್ಥ. ಕವಾಟದ ತಟ್ಟೆಗಳು, ಪಿಸ್ಟನ್ ಉಂಗುರಗಳು ಮತ್ತು ಟೆಫ್ಲಾನ್ ಮೂಲದ ಪ್ಯಾಕಿಂಗುಗಳು ಇಂತಹ ಏರಿಕೆಯನ್ನು ಬಹಳ ಹೊತ್ತು ತಾಳಲಾರವು.

ಪರಿಹಾರವೆಂದರೆ ಅನುಪಾತವನ್ನೇ ಇಳಿಸುವುದು. ಇದೇ ಉದಾಹರಣೆಯಲ್ಲಿ 3ರ ಬದಲು 2.5ರ ಅನುಪಾತಕ್ಕೆ ಇಳಿದರೆ ಗಾಳಿಯೂ 150°ಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಗಾಳಿಯ ಬದಲು ಸಾರಜನಕವನ್ನು ಬಳಸಿದರೆ ತಾಪಮಾನ ಇಳಿಯುತ್ತದೆ ಎಂಬ ಅಭಿಪ್ರಾಯ ತಪ್ಪು, ಏಕೆಂದರೆ ಎರಡರ ಗಾಮಾ ಒಂದೇ. ಸಾರಜನಕವನ್ನು ಆರಿಸಿಕೊಳ್ಳುವ ಕಾರಣ ಬೇರೆ: ಅದು ಉರಿಯಲು ನೆರವಾಗುವುದಿಲ್ಲ.

ಕೇಂದ್ರಾಪಗಾಮಿ ಕಂಪ್ರೆಸರುಗಳಲ್ಲಿ ಬದಲಿ ಅನಿಲದ ಆಯ್ಕೆ ಇನ್ನೂ ಸೂಕ್ಷ್ಮವಾದುದು. ಅಮೆರಿಕನ್ ಸೊಸೈಟಿ ಆಫ್ ಮೆಕ್ಯಾನಿಕಲ್ ಎಂಜಿನಿಯರ್ಸ್‌ನ ಪಿಟಿಸಿ 10 ಸಂಹಿತೆಯು ಎರಡು ಬಗೆಯ ಪರೀಕ್ಷೆಗಳನ್ನು ಗುರುತಿಸುತ್ತದೆ. ಮೊದಲನೆಯದು ನಿಗದಿತ ಅನಿಲದಲ್ಲಿ, ನಿಗದಿತ ಸ್ಥಿತಿಗೆ ಬಹು ಹತ್ತಿರದಲ್ಲಿ ನಡೆಯುತ್ತದೆ. ಎರಡನೆಯದರಲ್ಲಿ ಬದಲಿ ಅನಿಲ ಬಳಸಬಹುದು, ಆದರೆ ಗಾತ್ರಗಳ ಅನುಪಾತ, ಹರಿವಿನ ಗುಣಾಂಕ, ಮ್ಯಾಕ್ ಸಂಖ್ಯೆ ಮತ್ತು ರೆನಾಲ್ಡ್ಸ್ ಸಂಖ್ಯೆಗಳು ನಿಗದಿತ ಅಂತರದೊಳಗೆ ಹೊಂದಬೇಕು. ಭಾರವಾದ ಅನಿಲಗಳಿಗೆ ಶೀತಕ ಅನಿಲಗಳನ್ನೂ ಹಗುರ ಅನಿಲಗಳಿಗೆ ಹೀಲಿಯಂ ಮತ್ತು ಸಾರಜನಕದ ಮಿಶ್ರಣವನ್ನೂ ಬಳಸುವುದು ಇದಕ್ಕಾಗಿಯೇ.

ತೆರೆದ ಸುತ್ತು ಮತ್ತು ಮುಚ್ಚಿದ ಸುತ್ತು

ಗಾಳಿಯನ್ನು ವಾತಾವರಣದಿಂದ ಹೀರಿ, ಸಂಪೀಡಿಸಿ, ಶಬ್ದಶಾಮಕದ ಮೂಲಕ ಮತ್ತೆ ವಾತಾವರಣಕ್ಕೆ ಬಿಡುವುದು ತೆರೆದ ಸುತ್ತಿನ ಪರೀಕ್ಷೆ. ಶಾಖವು ಗಾಳಿಯೊಂದಿಗೇ ಹೊರಟುಹೋಗುವುದರಿಂದ ಇದು ಸರಳ. ಹೊರಬಿಟ್ಟ ಬಿಸಿ ಗಾಳಿ ಒಳಹರಿವಿನ ಕಡೆಗೆ ತಿರುಗಿ ಬರದಂತೆ ನೋಡಿಕೊಂಡರೆ ಸಾಕು.

ಬೆಲೆಬಾಳುವ ಅಥವಾ ಹೊರಬಿಡಬಾರದ ಅನಿಲವನ್ನು ಬಳಸುವಾಗ ಮುಚ್ಚಿದ ಸುತ್ತು ಅನಿವಾರ್ಯ. ಇದರಲ್ಲಿ ಅನಿಲವು ಕಂಪ್ರೆಸರಿನಿಂದ ಹೊರಟು, ನಿಯಂತ್ರಕ ಕವಾಟದಲ್ಲಿ ಒತ್ತಡ ಕಳೆದುಕೊಂಡು, ಕೂಲರಿನ ಮೂಲಕ ಹಾದು ಮತ್ತೆ ಒಳಹರಿವಿಗೆ ಬರುತ್ತದೆ. ಈ ಸುತ್ತಿನಿಂದ ಉಪಯುಕ್ತವಾದ ಯಾವ ಕೆಲಸವೂ ಹೊರಬರುವುದಿಲ್ಲ. ಆದ್ದರಿಂದ ಮೋಟರು ಅನಿಲಕ್ಕೆ ಕೊಟ್ಟ ಶಕ್ತಿಯೆಲ್ಲವೂ ಶಾಖವಾಗಿ ಸುತ್ತಿನಲ್ಲೇ ಉಳಿಯುತ್ತದೆ. ಅನಿಲಕ್ಕೆ 500 ಕಿಲೋವ್ಯಾಟ್ ಶಕ್ತಿ ಸೇರುತ್ತಿದ್ದರೆ ಸ್ಥಿರ ಸ್ಥಿತಿಯಲ್ಲಿ ಸುಮಾರು 500 ಕಿಲೋವ್ಯಾಟ್ ಶಾಖವನ್ನೇ ಕೂಲರು ಹೊರಹಾಕಬೇಕು. ಈ ಲೆಕ್ಕದಲ್ಲಿ ರಿಯಾಯಿತಿ ಇಲ್ಲ.

ಕೂಲರಿಗೆ ನೀರು ನಿಂತುಹೋದರೆ ಎಷ್ಟು ಸಮಯ ಸಿಗುತ್ತದೆ ಎಂಬುದನ್ನು ಅಂದಾಜು ಮಾಡುವುದು ಉಪಯುಕ್ತ. ಸುತ್ತಿನ ಕೊಳವೆ ಮತ್ತು ಪಾತ್ರೆಗಳಲ್ಲಿ ಶಾಖ ಹೀರಬಲ್ಲ ಉಕ್ಕು 2 ಟನ್ ಇದೆ ಎಂದು ಭಾವಿಸಿದರೆ, ಅದನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 980 ಕಿಲೋಜೂಲ್ ಬೇಕು. 500 ಕಿಲೋವ್ಯಾಟ್ ದರದಲ್ಲಿ ಇದು ಎರಡು ಸೆಕೆಂಡಿನ ಶಾಖ. ಅಂದರೆ ನಿಮಿಷಕ್ಕೆ 30° ಏರಿಕೆ. ಅನಿಲದ ತಾಪಮಾನವು ಉಕ್ಕಿಗಿಂತ ಮುಂಚೆಯೇ ಏರುತ್ತದೆ. ಮಾಪಕವನ್ನು ನೋಡಿ, ಮೇಲಧಿಕಾರಿಯನ್ನು ಕೇಳಿ, ಆಮೇಲೆ ಗುಂಡಿ ಒತ್ತುವಷ್ಟು ಸಮಯ ಇಲ್ಲಿ ಇರುವುದಿಲ್ಲ. ಹೀಗಾಗಿ ತಂಪು ನೀರಿನ ಹರಿವು ನಿಂತರೆ ಯಂತ್ರವನ್ನು ತಾನಾಗಿಯೇ ನಿಲ್ಲಿಸುವ ವ್ಯವಸ್ಥೆಯನ್ನು ಪರೀಕ್ಷೆಗೆ ಮೊದಲೇ ಅಳವಡಿಸಿ, ಅದು ಕೆಲಸ ಮಾಡುವುದನ್ನು ಖಚಿತಪಡಿಸಿಕೊಳ್ಳಲಾಗುತ್ತದೆ.

ನಿಯಂತ್ರಕ ಕವಾಟದಲ್ಲಿ ಅನಿಲ ಹಿಗ್ಗುವುದರಿಂದ ಅದು ತಣ್ಣಗಾಗುತ್ತದೆ, ಆದ್ದರಿಂದ ಕೂಲರಿನ ಹೊರೆ ಕಡಿಮೆ ಎಂಬ ನಂಬಿಕೆ ವ್ಯಾಪಕವಾಗಿದೆ. ಕವಾಟದಲ್ಲಿ ಅನಿಲ ಯಾವ ಕೆಲಸವನ್ನೂ ಮಾಡುವುದಿಲ್ಲವಾದ್ದರಿಂದ ಅಲ್ಲಿ ಶಕ್ತಿ ಹೊರಹೋಗುವುದಿಲ್ಲ. ಜೂಲ್-ಥಾಮ್ಸನ್ ಪರಿಣಾಮದಿಂದ ಸಾಧಾರಣ ತಾಪಮಾನದಲ್ಲಿ ಸಾರಜನಕವು ಪ್ರತಿ ಬಾರ್ ಒತ್ತಡ ಇಳಿಕೆಗೆ ಸುಮಾರು 0.2°, ಮೀಥೇನ್ ಸುಮಾರು 0.4° ಮಾತ್ರ ತಣ್ಣಗಾಗುತ್ತವೆ. ಸಂಪೀಡನದ ನೂರಾರು ಡಿಗ್ರಿಗಳ ಎದುರು ಇದು ಅಲ್ಪ. ಹೀಲಿಯಂ ಮತ್ತು ಜಲಜನಕಗಳು ಇದೇ ಸ್ಥಿತಿಯಲ್ಲಿ ತಣ್ಣಗಾಗುವ ಬದಲು ತುಸು ಬಿಸಿಯಾಗುತ್ತವೆ. ಕೂಲರನ್ನು ಬಳಸದೆ ಮರುಹರಿವಿನ ಕವಾಟವನ್ನು ಮಾತ್ರ ತೆರೆದು ಯಂತ್ರವನ್ನು ಓಡಿಸಿದರೆ ಒಳಹರಿವಿನ ತಾಪಮಾನ ಸುತ್ತಿನಿಂದ ಸುತ್ತಿಗೆ ಏರುತ್ತಲೇ ಹೋಗುತ್ತದೆ.

ಶಾಖದ ಪ್ರಮಾಣ ಮತ್ತು ತಾಪಮಾನ ಎರಡೂ ಬೇರೆ ಬೇರೆ ಎಂಬುದನ್ನು ಇಲ್ಲಿ ಗಮನಿಸಬೇಕು. ಸುತ್ತಿನೊಳಗಿನ ಒತ್ತಡವನ್ನು ಅರ್ಧಕ್ಕೆ ಇಳಿಸಿದರೆ ಅನಿಲದ ಸಾಂದ್ರತೆ, ಹರಿಯುವ ದ್ರವ್ಯರಾಶಿ ಮತ್ತು ಬೇಕಾಗುವ ಶಕ್ತಿ ಎಲ್ಲವೂ ಸರಿಸುಮಾರು ಅರ್ಧವಾಗುತ್ತವೆ. ಕೂಲರಿನ ಹೊರೆಯೂ ಅರ್ಧಕ್ಕೆ ಇಳಿಯುತ್ತದೆ. ಆದರೆ ಒತ್ತಡ ಅನುಪಾತ ಅಷ್ಟೇ ಇರುವುದರಿಂದ ಹೊರಹರಿವಿನ ತಾಪಮಾನ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಯಾಂತ್ರಿಕ ಓಟದ ಪರೀಕ್ಷೆಯಲ್ಲಿ ಕಂಪನ ಮತ್ತು ಬೇರಿಂಗುಗಳನ್ನು ನೋಡುವುದಷ್ಟೇ ಉದ್ದೇಶವಾದ್ದರಿಂದ, ದೊಡ್ಡ ಕೇಂದ್ರಾಪಗಾಮಿ ಯಂತ್ರಗಳನ್ನು ಭಾಗಶಃ ನಿರ್ವಾತದಲ್ಲಿ ಅಥವಾ ಕಡಿಮೆ ಸಾಂದ್ರತೆಯ ಹೀಲಿಯಮಿನಲ್ಲಿ ತಿರುಗಿಸಿ ಶಾಖದ ಹೊರೆಯನ್ನು ತಗ್ಗಿಸುವುದುಂಟು.

ಯಂತ್ರದ ಬಗೆಗೆ ತಕ್ಕ ವ್ಯತ್ಯಾಸಗಳು

ಪಿಸ್ಟನ್ ಕಂಪ್ರೆಸರಿನಲ್ಲಿ ತಾಪಮಾನವು ದೋಷ ಪತ್ತೆಯ ಸಾಧನವೂ ಹೌದು. ಹೊರಹರಿವಿನ ಕವಾಟ ಸೋರುತ್ತಿದ್ದರೆ ಬಿಸಿಯಾದ ಅನಿಲ ಸಿಲಿಂಡರಿಗೆ ಹಿಂತಿರುಗಿ ಮತ್ತೆ ಸಂಪೀಡನೆಗೊಳ್ಳುತ್ತದೆ. ಒಳಹರಿವಿನ ಕವಾಟ ಸೋರುತ್ತಿದ್ದರೆ ಬಿಸಿ ಅನಿಲ ಹೀರುವ ಕಡೆಗೆ ನುಗ್ಗುತ್ತದೆ. ಎರಡೂ ಸಂದರ್ಭಗಳಲ್ಲಿ ಆ ಕವಾಟದ ಮುಚ್ಚಳವು ಅಕ್ಕಪಕ್ಕದ ಮುಚ್ಚಳಗಳಿಗಿಂತ ಹೆಚ್ಚು ಬಿಸಿಯಾಗಿರುತ್ತದೆ. ಅವಕೆಂಪು ತಾಪಮಾಪಕವನ್ನು ಹಿಡಿದು ಮುಚ್ಚಳಗಳನ್ನು ಒಂದೊಂದಾಗಿ ಹೋಲಿಸುವುದು ಅನುಭವಿ ಪರೀಕ್ಷಕರ ಮೊದಲ ಕೆಲಸ.

ಸಿಲಿಂಡರಿನ ಸುತ್ತಲಿನ ನೀರಿನ ಕವಚವು ಅನಿಲವನ್ನು ತಣ್ಣಗಾಗಿಸುವುದಕ್ಕಿಂತ ಲೋಹವನ್ನು ಸಮಾನ ತಾಪಮಾನದಲ್ಲಿ ಇಡುವುದಕ್ಕಾಗಿ ಇರುವುದು. ಕವಚದ ನೀರು ಬಹಳ ತಣ್ಣಗಿದ್ದರೆ ಒಳಬರುವ ಅನಿಲದಲ್ಲಿನ ತೇವ ಅಥವಾ ಭಾರ ಹೈಡ್ರೋಕಾರ್ಬನುಗಳು ಸಿಲಿಂಡರಿನ ಗೋಡೆಯ ಮೇಲೆ ದ್ರವವಾಗಿ, ಎಣ್ಣೆಯ ಪದರವನ್ನು ತೊಳೆದುಹಾಕುತ್ತವೆ. ಹೀಗಾಗಿ ಕವಚಕ್ಕೆ ಹೋಗುವ ನೀರು ಒಳಹರಿವಿನ ಅನಿಲಕ್ಕಿಂತ ಕನಿಷ್ಠ ಸುಮಾರು 5° ಬೆಚ್ಚಗಿರಬೇಕೆಂಬುದು ರೂಢಿಯ ನಿಯಮ.

ಎಣ್ಣೆ ಸಿಂಪಡಿಸುವ ಸ್ಕ್ರೂ ಕಂಪ್ರೆಸರುಗಳಲ್ಲಿ ಶಾಖದ ಸುಮಾರು ಮುಕ್ಕಾಲು ಪಾಲನ್ನು ಎಣ್ಣೆಯೇ ಹೊತ್ತೊಯ್ಯುತ್ತದೆ. ದೊಡ್ಡ ಅನುಪಾತದಲ್ಲಿಯೂ ಹೊರಹರಿವು ಸಾಮಾನ್ಯವಾಗಿ 80°ಯಿಂದ 100°ಯೊಳಗೆ ಉಳಿಯುವುದು ಇದರಿಂದ. ಇಲ್ಲಿ ಎಣ್ಣೆಯ ಕೂಲರು ಮತ್ತು ಅದರ ತಾಪನಿಯಂತ್ರಕ ಕವಾಟಗಳೇ ಪರೀಕ್ಷೆಯ ಮುಖ್ಯ ವಸ್ತು.

ಕೇಂದ್ರಾಪಗಾಮಿ ಯಂತ್ರಗಳಲ್ಲಿ ಸರ್ಜ್ ಎಂಬ ಅಸ್ಥಿರ ಸ್ಥಿತಿ ಶಾಖದ ದೃಷ್ಟಿಯಿಂದಲೂ ಅಪಾಯಕಾರಿ. ಹರಿವು ಹಿಮ್ಮುಖವಾಗಿ, ಈಗಾಗಲೇ ಬಿಸಿಯಾದ ಅನಿಲ ಮತ್ತೆ ಮತ್ತೆ ಸಂಪೀಡನೆಗೊಂಡು ತಾಪಮಾನ ಕೆಲವೇ ಸೆಕೆಂಡುಗಳಲ್ಲಿ ಜಿಗಿಯುತ್ತದೆ. ಇವುಗಳ ಯಾಂತ್ರಿಕ ಓಟದ ಪರೀಕ್ಷೆಗೆ ಎಪಿಐ 617 ಮಾನದಂಡವು ನಾಲ್ಕು ಗಂಟೆಗಳ ನಿರಂತರ ಓಟವನ್ನು ನಿಗದಿಪಡಿಸಿದೆ. ಬೇರಿಂಗುಗಳ ಮೂಲಕ ಹಾಯುವ ಎಣ್ಣೆಯ ತಾಪಮಾನದ ಏರಿಕೆ 28° ಮೀರಬಾರದೆಂಬುದು ಅದರ ಮಿತಿ.

ಅಳತೆಯ ನಿಖರತೆ

ಯಂತ್ರ ಚಾಲೂ ಆದ ಕೂಡಲೇ ತೆಗೆದುಕೊಂಡ ತಾಪಮಾನಗಳು ಉಪಯೋಗಕ್ಕೆ ಬಾರವು. ಕವಚ, ಕೊಳವೆ ಮತ್ತು ಎಣ್ಣೆ ಬಿಸಿಯಾಗುವವರೆಗೆ ಅನಿಲದ ಶಾಖದ ಒಂದು ಭಾಗವನ್ನು ಲೋಹ ಹೀರುತ್ತಿರುತ್ತದೆ. ಆಗ ಹೊರಹರಿವಿನ ತಾಪಮಾನ ನಿಜಕ್ಕಿಂತ ಕಡಿಮೆ ಕಂಡು, ದಕ್ಷತೆ ನಿಜಕ್ಕಿಂತ ಹೆಚ್ಚಾಗಿ ತೋರುತ್ತದೆ. ಬರಿಮೈಯ ಕವಚದಿಂದ ಶಾಖ ಸೋರಿದರೂ ಇದೇ ಪರಿಣಾಮ. ಆದ್ದರಿಂದ ನಿಖರ ಪರೀಕ್ಷೆಗಳಲ್ಲಿ ಕವಚಕ್ಕೂ ತಾಪಮಾಪಕದವರೆಗಿನ ಹೊರಹರಿವಿನ ಕೊಳವೆಗೂ ಶಾಖನಿರೋಧಕ ಹೊದಿಕೆ ಹಾಕಲಾಗುತ್ತದೆ. ಯಂತ್ರವನ್ನು ತಂಪಾಗಿಡಬೇಕೆಂದು ಹೊರಗಿನಿಂದ ಫ್ಯಾನಿನ ಗಾಳಿ ಬೀಸುವುದು ಸದುದ್ದೇಶದ ಕೆಲಸವಾದರೂ ಫಲಿತಾಂಶವನ್ನು ಕೆಡಿಸುತ್ತದೆ. ಶಾಖವನ್ನು ತೆಗೆಯಬೇಕಾದ ಜಾಗ ಅಳತೆಯ ಬಿಂದುವಿನ ನಂತರದ್ದು.

ಏರಿಕೆ ಚಿಕ್ಕದಾದಷ್ಟೂ ತಪ್ಪಿನ ಪಾಲು ದೊಡ್ಡದು. 100° ಏರಿಕೆಯಲ್ಲಿ ಒಂದು ಡಿಗ್ರಿಯ ತಪ್ಪು ದಕ್ಷತೆಯಲ್ಲಿ ಸುಮಾರು ಶೇ. 1ರಷ್ಟು ವ್ಯತ್ಯಾಸ ತಂದರೆ, 30° ಏರಿಕೆಯಿರುವ ಬ್ಲೋವರಿನಲ್ಲಿ ಅದೇ ತಪ್ಪು ಶೇ. 3 ದಾಟುತ್ತದೆ. ಖರೀದಿ ಒಪ್ಪಂದದಲ್ಲಿ ದಕ್ಷತೆಗೆ ದಂಡದ ಷರತ್ತು ಇದ್ದಾಗ ಈ ಒಂದು ಡಿಗ್ರಿಗೆ ಬಹಳ ಬೆಲೆ ಇರುತ್ತದೆ. ಇಂತಹ ಕೆಲಸಕ್ಕೆ ಪ್ಲಾಟಿನಂ ರೋಧ ತಾಪಮಾಪಕಗಳನ್ನು ಬಳಸಿ, ಒಂದೇ ಅಡ್ಡಕೊಯ್ತದಲ್ಲಿ ಹಲವು ಕಡೆ ಅಳೆದು ಸರಾಸರಿ ತೆಗೆಯಲಾಗುತ್ತದೆ.

ಗಾಳಿ, ಎಣ್ಣೆ ಮತ್ತು ಸ್ಫೋಟ

ಎಣ್ಣೆ ಬಳಸುವ ಪಿಸ್ಟನ್ ಕಂಪ್ರೆಸರಿನ ಹೊರಹರಿವಿನ ಕೊಳವೆಗಳಲ್ಲಿ ಬಿಸಿಗೆ ಕರಿದ ಎಣ್ಣೆ ಇಂಗಾಲದ ಪದರವಾಗಿ ಕೂಡುತ್ತದೆ. ಸಂಪೀಡಿತ ಗಾಳಿಯಲ್ಲಿ ಆಮ್ಲಜನಕ ಸಾಂದ್ರವಾಗಿರುವುದರಿಂದ, ತಾಪಮಾನ ಮಿತಿಮೀರಿದಾಗ ಈ ಪದರ ಹೊತ್ತಿಕೊಂಡು ಕೊಳವೆಯೊಳಗೆ ಸ್ಫೋಟವಾಗಬಹುದು. ಡೀಸೆಲ್ ಎಂಜಿನ್ನು ಕಿಡಿಯಿಲ್ಲದೆ ಇಂಧನವನ್ನು ಹೊತ್ತಿಸುವುದು ಸಂಪೀಡನದ ಬಿಸಿಯಿಂದಲೇ ಎಂಬುದನ್ನು ನೆನೆದರೆ ಅಪಾಯ ಸ್ಪಷ್ಟವಾಗುತ್ತದೆ.

ಒಮ್ಮೆ ಉರಿಯುವ ಅನಿಲದಲ್ಲಿ ಕೆಲಸ ಮಾಡಿದ ಕಂಪ್ರೆಸರನ್ನು ದುರಸ್ತಿಯ ನಂತರ ಗಾಳಿಯಲ್ಲಿ ಪರೀಕ್ಷಿಸುವುದು ಇನ್ನೂ ಅಪಾಯಕರ. ಮೀಥೇನ್ ಗಾಳಿಯಲ್ಲಿ ಶೇ. 5ರಿಂದ 15ರವರೆಗೆ ಇದ್ದಾಗ ಹೊತ್ತಿಕೊಳ್ಳಬಲ್ಲದು. ಒತ್ತಡ ಹೆಚ್ಚಿದಂತೆ ಈ ವ್ಯಾಪ್ತಿ ಹಿಗ್ಗುತ್ತದೆ. ಆದ್ದರಿಂದ ಇಂತಹ ಯಂತ್ರಗಳನ್ನು ಸಾರಜನಕದಿಂದ ಶುದ್ಧಗೊಳಿಸಿ, ಸಾರಜನಕದಲ್ಲಿಯೇ ಓಡಿಸಿ ನೋಡಲಾಗುತ್ತದೆ. ಮುಚ್ಚಿದ ಕೋಣೆಯಲ್ಲಿ ಸಾರಜನಕ ಸೋರಿದರೆ ಉಸಿರುಗಟ್ಟುವ ಅಪಾಯವಿರುವುದರಿಂದ ಅಲ್ಲಿ ಆಮ್ಲಜನಕ ಮಾಪಕವೂ ಬೇಕು.

ಹುಬ್ಬಳ್ಳಿ-ಧಾರವಾಡದ ಪರಿಸ್ಥಿತಿ

ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ಗೋಕುಲ ರಸ್ತೆ, ತಾರಿಹಾಳ ಮತ್ತು ಬೇಲೂರು ಕೈಗಾರಿಕಾ ಪ್ರದೇಶಗಳಿವೆ. ಹುಬ್ಬಳ್ಳಿಯು ಕೈಗಾರಿಕಾ ಕವಾಟಗಳ ತಯಾರಿಕೆಗೆ ಹೆಸರಾಗಿದೆ. ಕವಾಟಗಳ ಸೋರಿಕೆಯನ್ನು ಗಾಳಿಯ ಒತ್ತಡದಿಂದ ಪರೀಕ್ಷಿಸುವುದರಿಂದ ಅಲ್ಲಿ ಕಂಪ್ರೆಸರು ನಿತ್ಯದ ಅಗತ್ಯ. ಗೇಲ್ ಸಂಸ್ಥೆಯ ದಾಭೋಲ್-ಬೆಂಗಳೂರು ನೈಸರ್ಗಿಕ ಅನಿಲ ಕೊಳವೆ ಮಾರ್ಗ 2013ರಲ್ಲಿ ಕಾರ್ಯಾರಂಭ ಮಾಡಿದ್ದು, ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳ ಮೂಲಕ ಹಾಯುತ್ತದೆ. ಧಾರವಾಡ ಜಿಲ್ಲೆಯಲ್ಲಿ ನಗರ ಅನಿಲ ವಿತರಣೆಯ ಹೊಣೆ ಇಂಡಿಯನ್ ಆಯಿಲ್-ಅದಾನಿ ಗ್ಯಾಸ್ ಸಂಸ್ಥೆಯದು. ಸಿಎನ್‌ಜಿ ಕೇಂದ್ರಗಳಲ್ಲಿ ಅನಿಲವನ್ನು ಸುಮಾರು 250 ಬಾರ್ ಒತ್ತಡಕ್ಕೆ ಏರಿಸುವ ಕಂಪ್ರೆಸರುಗಳು ಇರುತ್ತವೆ. ಇವುಗಳ ಸುರಕ್ಷತೆಗೆ ಓಐಎಸ್‌ಡಿ 179 ಮಾನದಂಡ ಅನ್ವಯಿಸುತ್ತದೆ.

ಎತ್ತರದ ಪರಿಣಾಮವನ್ನು ಮೊದಲು ನೋಡಬಹುದು. ಸಮುದ್ರಮಟ್ಟದಿಂದ ಧಾರವಾಡ ಸುಮಾರು 750 ಮೀಟರ್ ಎತ್ತರದಲ್ಲಿದೆ, ಹುಬ್ಬಳ್ಳಿ ಅದಕ್ಕಿಂತ ಸುಮಾರು 100 ಮೀಟರ್ ತಗ್ಗಿನಲ್ಲಿದೆ. ಧಾರವಾಡದಲ್ಲಿ ವಾತಾವರಣದ ಒತ್ತಡ ಸುಮಾರು 0.926 ಬಾರ್. ವಾತಾವರಣದ ಗಾಳಿಯನ್ನು ಮಾಪಕದ 7 ಬಾರ್‌ಗೆ ಏರಿಸುವ ಕಂಪ್ರೆಸರಿನ ಅನುಪಾತ ಸಮುದ್ರಮಟ್ಟದಲ್ಲಿ 7.9 ಆದರೆ ಧಾರವಾಡದಲ್ಲಿ 8.6ರ ಹತ್ತಿರ. ಒಂದೇ ಹಂತದ, 35°ಯ ಆದರ್ಶ ಲೆಕ್ಕದಲ್ಲಿ ಹೊರಹರಿವು 283°ಯಿಂದ 296°ಗೆ ಏರುತ್ತದೆ. ಮಾಪಕದ ಮುಳ್ಳು ಎರಡೂ ಕಡೆ 7ನ್ನೇ ತೋರಿಸುತ್ತಿದ್ದರೂ ಯಂತ್ರ 13° ಹೆಚ್ಚು ಬಿಸಿ. ಇದರ ಮೇಲೆ, ಗಾಳಿಯಿಂದ ತಣಿಸುವ ಕೂಲರಿನ ಫ್ಯಾನು ಸಮುದ್ರಮಟ್ಟಕ್ಕಿಂತ ಶೇ. 8ರಷ್ಟು ಕಡಿಮೆ ದ್ರವ್ಯರಾಶಿಯ ಗಾಳಿಯನ್ನು ಸಾಗಿಸುತ್ತದೆ. ಕರಾವಳಿಯ ಕಾರ್ಖಾನೆಯಲ್ಲಿ ತೇರ್ಗಡೆಯಾದ ಯಂತ್ರವು ಇಲ್ಲಿನ ಸ್ಥಳಪರೀಕ್ಷೆಯಲ್ಲಿ ಹೆಚ್ಚು ಬಿಸಿಯಾದರೆ ಅದನ್ನು ಕೂಡಲೇ ದೋಷವೆಂದು ಬರೆಯುವುದು ನ್ಯಾಯವಲ್ಲ. ಐಇಸಿ ಮಾನದಂಡದ ವಿದ್ಯುತ್ ಮೋಟರುಗಳು 1000 ಮೀಟರ್ ಎತ್ತರ ಮತ್ತು 40° ತಾಪಮಾನದವರೆಗೆ ಪೂರ್ಣ ಸಾಮರ್ಥ್ಯಕ್ಕೆ ಯೋಗ್ಯವಾಗಿರುವುದರಿಂದ, ಎತ್ತರದ ಪ್ರಶ್ನೆ ಇಲ್ಲಿ ಏಳುವುದೇ ಇಲ್ಲ ಎಂದು ಭಾವಿಸುವ ಸಾಧ್ಯತೆ ಇದೆ. ಆ ಮಾತು ಮೋಟರಿಗೆ ಸರಿ, ಕಂಪ್ರೆಸರಿಗೆ ಅಲ್ಲ.

ಎರಡನೆಯದು ನೀರು. 500 ಕಿಲೋವ್ಯಾಟ್ ಶಾಖವನ್ನು 8° ಏರಿಕೆಯ ನೀರಿನಿಂದ ಸಾಗಿಸಲು ಗಂಟೆಗೆ ಸುಮಾರು 54 ಘನ ಮೀಟರ್ ನೀರಿನ ಪರಿಚಲನೆ ಬೇಕು. ಈ ನೀರು ಸುತ್ತುತ್ತಲೇ ಇರುತ್ತದೆ, ಖರ್ಚಾಗುವುದಿಲ್ಲ. ಆದರೆ ಕೂಲಿಂಗ್ ಟವರಿನಲ್ಲಿ ಆ ಶಾಖ ಹೊರಹೋಗುವುದು ಮುಖ್ಯವಾಗಿ ಆವಿಯಾಗುವಿಕೆಯಿಂದ. ಎಲ್ಲ ಶಾಖವೂ ಹಾಗೆಯೇ ಹೋದರೆ ಗಂಟೆಗೆ ಸುಮಾರು 740 ಲೀಟರ್ ಆವಿಯಾಗುತ್ತದೆ. ನಾಲ್ಕು ಗಂಟೆಗಳ ಒಂದು ಪರೀಕ್ಷೆಗೆ ಇದು 3,000 ಲೀಟರಿನ ಹತ್ತಿರ. ಮಲಪ್ರಭೆಯ ರೇಣುಕಾಸಾಗರ ಜಲಾಶಯ ಮತ್ತು ನೀರಸಾಗರ ಕೆರೆಗಳನ್ನು ಅವಲಂಬಿಸಿರುವ, ಅನೇಕ ಬಡಾವಣೆಗಳು ಹಲವು ದಿನಗಳಿಗೊಮ್ಮೆ ನಲ್ಲಿ ನೀರು ಕಂಡಿರುವ ಊರಿನಲ್ಲಿ ಇದು ಸಣ್ಣ ಸಂಗತಿಯಲ್ಲ. ಕೊಳವೆಬಾವಿಯ ಗಡಸು ನೀರನ್ನು ಬಳಸಿದರೆ ಕೂಲರಿನ ಕೊಳವೆಗಳಲ್ಲಿ ಸುಣ್ಣದ ಪದರ ಕಟ್ಟಿ ಶಾಖದ ಸಾಗಣೆ ಕುಗ್ಗುತ್ತದೆ.

ಪರ್ಯಾಯವಾದ ಒಣ ಕೂಲರು ನೀರು ಕೇಳುವುದಿಲ್ಲ, ಆದರೆ ಅದು ಅನಿಲವನ್ನು ಸುತ್ತಲಿನ ಗಾಳಿಗಿಂತ ಕೆಳಗೆ ಇಳಿಸಲಾರದು. ಸಾಮಾನ್ಯವಾಗಿ 10°ಯಷ್ಟು ಅಂತರ ಉಳಿಯುತ್ತದೆ. ಏಪ್ರಿಲ್ ಮಧ್ಯಾಹ್ನದ 38° ಬಿಸಿಲಿನಲ್ಲಿ ಅನಿಲ 48°ಯಲ್ಲಿ ಮುಂದಿನ ಹಂತಕ್ಕೆ ಹೋಗುತ್ತದೆ. 19 ಬಾರ್ ಮಾಪಕ ಒತ್ತಡದಿಂದ 250 ಬಾರ್‌ಗೆ ಮೂರು ಹಂತಗಳಲ್ಲಿ ಏರಿಸುವ ಸಿಎನ್‌ಜಿ ಕಂಪ್ರೆಸರನ್ನು ಮೀಥೇನಿನ ಆದರ್ಶ ಲೆಕ್ಕದಲ್ಲಿ ನೋಡಿದರೆ, ಪ್ರತಿ ಹಂತಕ್ಕೆ 35°ಯಲ್ಲಿ ಅನಿಲ ಬಂದಾಗ ಹೊರಹರಿವು 101°, 48°ಯಲ್ಲಿ ಬಂದಾಗ 117°. ಇದೇ ಊರಿನ ಒಣ ಬೇಸಿಗೆ ಕೂಲಿಂಗ್ ಟವರಿಗೆ ಮಾತ್ರ ಅನುಕೂಲ: ಗಾಳಿ 35° ಇದ್ದು ಆರ್ದ್ರತೆ ಶೇ. 30 ಇದ್ದರೆ ಆರ್ದ್ರಗೋಳ ತಾಪಮಾನ ಸುಮಾರು 22°, ನೀರು ಅದರ ಸನಿಹಕ್ಕೆ ತಣಿಯಬಲ್ಲದು. ಟವರು ಚೆನ್ನಾಗಿ ಕೆಲಸ ಮಾಡುವ ತಿಂಗಳುಗಳಲ್ಲಿಯೇ ನೀರಿನ ಅಭಾವವೂ ಇರುವುದು ಇಲ್ಲಿನ ಇಕ್ಕಟ್ಟು. ನೀರು ಸಿಗದ ಕಡೆ ಒಣ ಕೂಲರನ್ನೇ ದೊಡ್ಡದಾಗಿ ಆರಿಸಿ, ಪೂರ್ಣ ಹೊರೆಯ ಓಟವನ್ನು ನಸುಕಿನಲ್ಲಿ ಆರಂಭಿಸಿ ಬಿಸಿಲೇರುವ ಮೊದಲು ಮುಗಿಸುವುದು ಪ್ರಾಯೋಗಿಕ ದಾರಿ. ಆದರೆ ಖಾತರಿ ನೀಡಿದ್ದು 40°ಗೆ ಆಗಿದ್ದರೆ ನಸುಕಿನ ಅಂಕಿಗಳನ್ನು ಆ ತಾಪಮಾನಕ್ಕೆ ಪರಿವರ್ತಿಸಿಯೇ ತೀರ್ಪು ಕೊಡಬೇಕು.

ಮಳೆಗಾಲದಲ್ಲಿ ಸಮಸ್ಯೆ ತಿರುಗಿ ನಿಲ್ಲುತ್ತದೆ. ಗಾಳಿ 27° ಮತ್ತು ಆರ್ದ್ರತೆ ಶೇ. 85 ಇದ್ದಾಗ, 7 ಬಾರ್‌ಗೆ ಸಂಪೀಡಿಸಿದ ಗಾಳಿಯ ಇಬ್ಬನಿ ಬಿಂದು ಸುಮಾರು 66°. ಸ್ಕ್ರೂ ಕಂಪ್ರೆಸರಿನ ತಾಪಮಾನ ಅದಕ್ಕಿಂತ ಕೆಳಗೆ ಇಳಿದರೆ ನೀರು ಎಣ್ಣೆಯಲ್ಲಿ ಬೆರೆಯುತ್ತದೆ. ಆಗ ಯಂತ್ರವನ್ನು ತಣಿಸುವುದಕ್ಕಿಂತ ಬಿಸಿಯಾಗಿ ಇಡುವುದೇ ನಿರ್ವಹಣೆಯ ಕೆಲಸ.

ತಗಡಿನ ಛಾವಣಿಯ ಶೆಡ್ಡುಗಳಲ್ಲಿ ಗಾಳಿಯಾಡುವಿಕೆಯ ಲೆಕ್ಕ ಪ್ರತ್ಯೇಕವಾಗಿ ಬೇಕು. ಗಾಳಿಯಿಂದ ತಣಿಸುವ 75 ಕಿಲೋವ್ಯಾಟ್ ಕಂಪ್ರೆಸರಿನ ಶಾಖವೆಲ್ಲ ಶೆಡ್ಡಿನೊಳಗೇ ಬಿದ್ದರೆ, ಒಳಗಿನ ತಾಪಮಾನ ಹೊರಗಿಗಿಂತ 8° ಮಾತ್ರ ಹೆಚ್ಚಿರಬೇಕಾದರೆ ಸೆಕೆಂಡಿಗೆ ಸುಮಾರು 9 ಘನ ಮೀಟರ್ ಗಾಳಿ ಬದಲಾಗಬೇಕು. ಕೂಲರಿನ ಬಿಸಿ ಗಾಳಿಯನ್ನು ನಾಳದ ಮೂಲಕ ನೇರವಾಗಿ ಹೊರಗೆ ಒಯ್ದರೆ ಈ ಅಗತ್ಯ ಬಹಳಷ್ಟು ತಗ್ಗುತ್ತದೆ. ಮುಂಗಾರಿಗೆ ಮುನ್ನ ಏಳುವ ಧೂಳು ಕೂಲರಿನ ರೆಕ್ಕೆಗಳ ನಡುವೆ ತುಂಬಿಕೊಳ್ಳುವುದರಿಂದ, ಪರೀಕ್ಷೆಯ ಹಿಂದಿನ ದಿನ ಅವುಗಳನ್ನು ಊದಿ ಶುಚಿಗೊಳಿಸುವುದು ವಾಡಿಕೆ.

ಯಂತ್ರವನ್ನು ನಿಲ್ಲಿಸುವಾಗ

ಹೊರೆಯ ಮೇಲಿರುವ ಕಂಪ್ರೆಸರನ್ನು ತುರ್ತು ಸಂದರ್ಭದಲ್ಲಿ ಹೊರತು ಥಟ್ಟನೆ ನಿಲ್ಲಿಸುವುದಿಲ್ಲ. ಮೊದಲು ಹೊರೆ ಇಳಿಸಿ ಕೆಲವು ನಿಮಿಷ ಖಾಲಿ ಓಡಿಸಲಾಗುತ್ತದೆ. ಯಂತ್ರ ನಿಂತ ಮೇಲೆ ಕವಚ ಮತ್ತು ಚಕ್ರಗಳಲ್ಲಿ ಉಳಿದ ಶಾಖವು ದಂಡದ ಮೂಲಕ ಬೇರಿಂಗುಗಳ ಕಡೆಗೆ ಹರಿಯುತ್ತದೆ. ಎಣ್ಣೆಯ ಹರಿವು ಅದೇ ಕ್ಷಣ ನಿಂತರೆ, ಓಡುವಾಗ ಸುರಕ್ಷಿತವಾಗಿದ್ದ ಬೇರಿಂಗಿನ ತಾಪಮಾನ ನಿಂತ ನಂತರ ಏರತೊಡಗುತ್ತದೆ. ಇದಕ್ಕಾಗಿ ದೊಡ್ಡ ಯಂತ್ರಗಳಲ್ಲಿ ಸಹಾಯಕ ಎಣ್ಣೆ ಪಂಪು ಮತ್ತು ತಂಪು ನೀರಿನ ಹರಿವನ್ನು ಬೇರಿಂಗುಗಳ ತಾಪಮಾನ ಇಳಿದು ಸ್ಥಿರವಾಗುವವರೆಗೆ ಮುಂದುವರಿಸಲಾಗುತ್ತದೆ. ವಿದ್ಯುತ್ ಕಡಿತವಾದಾಗಲೂ ಈ ಪಂಪು ನಡೆಯುವಂತೆ ಅದಕ್ಕೆ ಪ್ರತ್ಯೇಕ ವಿದ್ಯುತ್ ಮೂಲ ಒದಗಿಸಲಾಗುತ್ತದೆ ಅಥವಾ ಎತ್ತರದಲ್ಲಿ ಇಟ್ಟ ಎಣ್ಣೆಯ ತೊಟ್ಟಿಯಿಂದ ಗುರುತ್ವದ ಬಲದಲ್ಲಿ ಎಣ್ಣೆ ಹರಿದುಬರುವ ಏರ್ಪಾಡು ಇರುತ್ತದೆ.